ಮೇಕೆಗಳ ಬೆಡಗು

ಮೇಕೆ ಕಟ್ಟುವ ನಮ್ಮ ರೊಪ್ಪದ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ತುಕ್ಕು ಹಿಡಿದ ಮೊಳೆಯಿತ್ತು. ಅದಕ್ಕೆ ಉಣ್ಣೆಯ ದಾರಗಳು ಜೋತುಬಿದ್ದಿರುತ್ತಿದ್ದವು. ಬಿಳಿ, ಕಪ್ಪು, ಕೆಂಪು. ಗಾಳಿ ಬೀಸಿದಾಗ ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತಿದ್ದವು. ಆ ಗಂಟು ಬಿಡಿಸಿ ಮತ್ತೆ ಬೇರೆಬೇರೆಯಾಗಿ ತೂಗುಹಾಕುವುದು ನನ್ನ ಕೆಲಸ. ಹಳದಿ ದಾರ ಮಾತ್ರ ಆ ಮೊಳೆಗೆ ಬಂದದ್ದೇ ಇಲ್ಲ. ಒಮ್ಮೆ ನಾನು ಕೇಳಿದ್ದಕ್ಕೆ ನನ್ನಜ್ಜಿ ಚಿತ್ತಮ್ಮ, "ಮೇಕೆ ಕೊರಳಿಗೆ ಅರಿಶಿನದ ದಾರ ಕಟ್ತಾರೇನೇ, ತಿಕ್ಲಿ!" ಎಂದು ಬೈದಿದ್ದಳು. ಅರಿಶಿನದ ದಾರ ಇದ್ದದ್ದು ಅವಳ ಎಲೆಯಡಿಕೆ ಸಂಚಿಯ ಒಳಜೇಬಿನಲ್ಲಿ. ಅದನ್ನು ನನ್ನ ಕೊರಳಿಗೆಂದು ಎತ್ತಿಟ್ಟುಕೊಂಡಿದ್ದಳು.

ಕಟ್ಟಬೇಕಾದವನು ನನ್ನ ಸೋದರಮಾವ ಪಾತಲಿಂಗ. ನನ್ನಮ್ಮನ ಒಬ್ಬನೇ ತಮ್ಮ. ಅಮ್ಮ ನನ್ನನ್ನು ಹೆತ್ತು ಬಹಳ ಕಾಲ ಬದುಕಲಿಲ್ಲ. ಕೊನೆಗಾಲದಲ್ಲಿ ಅಜ್ಜಿಯ ಕೈ ಹಿಡಿದು, "ಇವಳನ್ನ ಹೊರಗೆ ಕೊಡಬ್ಯಾಡ ಕಣವ್ವ, ತಮ್ಮಂಗೇ ತಂದ್ಕೋ" ಅಂದಿದ್ದಳಂತೆ. ಅಜ್ಜಿ ಮಾತು ಕೊಟ್ಟಳು. ಅಪ್ಪ ಇನ್ನೊಂದು ಮದುವೆಯಾಗಿ ಬೇರೆ ಕಡೆ ನೆಲೆನಿಂತ. ನಾನು ಅಜ್ಜಿಯ ಮನೆಯಲ್ಲಿ, ಮಾವನ ಹೆಗಲ ಮೇಲೆ ಬೆಳೆದೆ. ಅವನು ನನ್ನ ಮೂಗು ಒರೆಸಿದವನು, ಹೇನು ಹೆಕ್ಕಿದವನು, ಗುಡ್ಡದ ಬೋರೆಹಣ್ಣು ತಂದು ಬೀಜ ತೆಗೆದು ತಿನ್ನಿಸಿದವನು. ಅವನೆಂದರೆ ನನಗೆ ಪ್ರಾಣ. ಆದರೆ ಅವನೇ ಗಂಡ ಎಂದು ನೆನೆಸಿಕೊಂಡರೆ ಮೊದಲು ನಗು ಬರುತ್ತಿತ್ತು, ನಗು ನಿಂತ ಮೇಲೆ ಅವನ ಮುಖ ನೋಡಲಾಗುತ್ತಿರಲಿಲ್ಲ. ಅದನ್ನು ಯಾರ ಮುಂದೆ ಹೇಳಬೇಕೋ ಗೊತ್ತಿರಲಿಲ್ಲ.

ಪೇಟೆ ಬೀದಿ ಮುಗಿಯುವ ಕಡೆಗೂ ಬಂಡೆಗುಡ್ಡ ಶುರುವಾಗುವ ಕಡೆಗೂ ನಡುವೆ ಸಿಕ್ಕಿಕೊಂಡಿದ್ದ ಹಟ್ಟಿ ನಮ್ಮದು. ಮನೆಗೆ ನಾಲ್ಕೈದು ಮೇಕೆ, ತುಂಬ ಇದ್ದವರೆಂದರೆ ಹತ್ತು. ಹೊಲಗದ್ದೆ ಯಾರಿಗೂ ಇರಲಿಲ್ಲ. ಮಕ್ಕಳ ಬಟ್ಟೆ, ಮುದುಕರ ಔಷಧಿ, ಮದುವೆ, ತಿಥಿ ಎಲ್ಲ ಮೇಕೆಮರಿಯ ಬೆನ್ನ ಮೇಲೆಯೇ ನಡೆಯಬೇಕು. ನನ್ನ ಮದುವೆಯೂ ಹಾಗೆಯೇ. "ಒಂದು ಸೂಲು ಸರಿಯಾಗಿ ಕೈಹತ್ತಲಿ, ಚಪ್ಪರ ಹಾಕಿಸ್ತೀನಿ" ಎಂದು ಅಜ್ಜಿ ವರ್ಷವರ್ಷವೂ ಹೇಳುತ್ತಿದ್ದಳು. ಸೂಲು ಮಾತ್ರ ಕೈಹತ್ತುತ್ತಿರಲಿಲ್ಲ.

ಮರಿಗಳು ಹುಟ್ಟುವಾಗಲೇ ಬೆಕ್ಕಿನ ಮರಿಯಷ್ಟಿರುತ್ತಿದ್ದವು. ಕೆಲವಕ್ಕೆ ಕೆಳದವಡೆ ಗಿಡ್ಡ, ಮೊಲೆ ಕಚ್ಚಲಾಗದು. ಕೆಲವು ಮುಂಗಾಲು ಮಡಚಿಕೊಂಡೇ ಬರುತ್ತಿದ್ದವು. ಬದುಕಿದವು ಮಳೆಗಾಲದಲ್ಲಿ ಕೆಮ್ಮಿ ಕೆಮ್ಮಿ ಒಣಗುತ್ತಿದ್ದವು. ಮೇವು ಸರಿಯಿಲ್ಲ ಎಂದರು, ಯಾರದೋ ಕಣ್ಣು ಬಿದ್ದಿದೆ ಎಂದರು. ರೊಪ್ಪದ ಬಾಗಿಲಿಗೆ ಕಟ್ಟಿದ ನಿಂಬೆಹಣ್ಣು ಒಣಗಿ ಕರ್ರಗಾದವು, ಮರಿಗಳು ಸಾಯುವುದು ನಿಲ್ಲಲಿಲ್ಲ.

ರೊಪ್ಪದ ಹಿಂದೆ ಒಂದು ತಂಗಡಿ ಗಿಡವಿತ್ತು. ಅದರ ಬುಡದಲ್ಲಿ ನುಣುಪಾದ ಗುಂಡುಕಲ್ಲುಗಳ ಸಾಲು. ಯಾವ ಮೇಕೆ ಈದರೂ ಅಜ್ಜಿ ಗಿಣ್ಣುಹಾಲಿನಲ್ಲಿ ಬೆರಳದ್ದಿ ಒಂದೊಂದು ಕಲ್ಲಿಗೂ ಮುಟ್ಟಿಸಿ ಬರುತ್ತಿದ್ದಳು. ಚಿಕ್ಕವಳಿದ್ದಾಗ ನಾನು ಯಾವ ದೇವರು ಎಂದು ಕೇಳಿದ್ದೆ. "ಹಾಲು ಕುಡಿಯೋ ದೇವ್ರು" ಅಂದಿದ್ದಳು. ನಾನು ಕೈಮುಗಿದಿದ್ದೆ.

ಹಟ್ಟಿಗೆಲ್ಲ ಇದ್ದದ್ದು ಒಂದೇ ಹೋತ, ನಮ್ಮ ರೊಪ್ಪದ್ದು. ಹೆಸರು ದೊರೆ. ಹೋತ ಸಾಕುವುದೆಂದರೆ ಅದರ ಹೊಟ್ಟೆಗೆ ಹಾಕಬೇಕು, ನಾತ ತಡೆಯಬೇಕು, ಗುದ್ದು ತಿನ್ನಬೇಕು. ಆ ಉಸಾಬರಿ ಬೇಡವೆಂದು ಎಲ್ಲರೂ ಬೆದೆಗೆ ಬಂದ ಮೇಕೆಯನ್ನು ನಮ್ಮ ಬಾಗಿಲಿಗೇ ಹೊಡೆದುಕೊಂಡು ಬರುತ್ತಿದ್ದರು. ಹಣೆಯ ಮೇಲೆ ಬಿಳಿಚುಕ್ಕೆ, ಎದೆಯುಬ್ಬಿಸಿ ನಡೆಯುವ ಠೀವಿ. ಅಜ್ಜಿಗೆ ಅವನೆಂದರೆ ಮಗನಿಗಿಂತ ಒಂದು ಕೈ ಮಿಗಿಲು ಎಂದು ಮಾವ ಕಿಚಾಯಿಸುತ್ತಿದ್ದ. ಆ ದೊರೆ ಸತ್ತಾಗ ಅವನ ಮಗನೇ ದೊರೆಯಾದ. ಅವನು ಮುದಿಯಾದಾಗ ಅವನ ಮಗ. ಅರಮನೆಯಲ್ಲಿ ಪಟ್ಟ ಕಟ್ಟಿದ ಹಾಗೆ, ಹೆಸರೂ ಬದಲಾಗುತ್ತಿರಲಿಲ್ಲ.

ಊರಿನ ದನದಾಸ್ಪತ್ರೆಗೆ ಹೊಸದಾಗಿ ಬಂದ ಡಾಕ್ಟರಮ್ಮ ಮಂದಾಕಿನಿ ನಮ್ಮ ಹಟ್ಟಿಗೆ ಕಾಲಿಟ್ಟದ್ದು ಒಂದು ಕೆಟ್ಟ ಸೂಲಿನ ಮಧ್ಯದಲ್ಲಿ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ರೊಪ್ಪದೊಳಗೆ ಕುಕ್ಕರಗಾಲಲ್ಲಿ ಕುಳಿತರು. ಏಳಲಾರದ ಒಂದು ಮರಿಯ ಬಾಯಿ ಬಿಡಿಸಿ ನೋಡಿದರು.

"ಇದರ ಅಪ್ಪ ಯಾವುದು ಅಜ್ಜಿ?"

"ದೊರೆ."

"ಇದರ ತಾಯಿಯ ಅಪ್ಪ?"

"ದೊರೆ."

"ಆ ತಾಯಿಯ ತಾಯಿಗೆ?"

"ಅದಕ್ಕೂ ದೊರೆಯೇ. ಇನ್ಯಾರಿರ್ತಾರೆ ನಮ್ಮ ಹಟ್ಟಿಯಾಗೆ?" ಎಂದು ಅಜ್ಜಿ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

ಡಾಕ್ಟರಮ್ಮ ತಮ್ಮ ಚೀಲ ತೆರೆದರು. ಹಟ್ಟಿಯ ಒಂದೊಂದು ಮೇಕೆಯಿಂದಲೂ ಬುಡಸಮೇತ ನಾಲ್ಕು ಕೂದಲು ಕಿತ್ತು, ಸಣ್ಣ ಸಣ್ಣ ಲಕೋಟೆಗಳಲ್ಲಿ ಹಾಕಿ, ದೊಡ್ಡ ಪಟ್ಟಣದ ಪರೀಕ್ಷಾಲಯಕ್ಕೆ ಕಳಿಸಿದರು. ಹಟ್ಟಿಯವರು ನಕ್ಕರು. ಮೇಕೆಗೂ ಮುಡಿ ತೆಗೆಸುವ ಹರಕೆಯೇನೋ ಎಂದು ನಮ್ಮ ಪಕ್ಕದ ಮನೆಯ ದ್ಯಾಮಕ್ಕ ಹೇಳಿದ್ದು ನನಗೆ ಈಗಲೂ ನೆನಪಿದೆ.

ಉತ್ತರ ಬಂದ ದಿನ ಡಾಕ್ಟರಮ್ಮ ನಮ್ಮ ಜಗಲಿಯ ಮೇಲೆ ಕುಳಿತು, ಮಾತನ್ನು ಮೆಲ್ಲಗೆ ಹುಡುಕಿ ಹುಡುಕಿ ಹೇಳಿದರು. "ಅಜ್ಜಿ, ನಿಮ್ಮ ಹಟ್ಟಿಯ ಮೇಕೆಗಳೆಲ್ಲ ಒಂದೇ ಮನೆಯವು. ಅಪ್ಪ ಮಗಳು, ಅಣ್ಣ ತಂಗಿ ಅಂತ ಅವುಗಳ ನಡುವೆಯೇ ಮರಿ ಆಗ್ತಾ ಬಂದಿದೆ. ರಕ್ತದಲ್ಲಿ ಎಲ್ಲೋ ಒಂದು ಕೆಟ್ಟ ಗುಣ ಅಡಗಿರುತ್ತೆ. ಬೇರೆ ರಕ್ತ ಸೇರಿದರೆ ಅದು ಅಡಗಿಕೊಂಡೇ ಇರುತ್ತೆ. ಒಂದೇ ಮನೆಯವು ಕೂಡಿದರೆ ತಾಯಿ ಕಡೆಯಿಂದ ಒಂದು, ತಂದೆ ಕಡೆಯಿಂದ ಒಂದು ಬಂದು ಜೋಡಿಯಾಗುತ್ತೆ. ಆಗ ಮರಿಗೆ ದವಡೆ ಗಿಡ್ಡವಾಗೋದು, ಕಾಲು ಸೊಟ್ಟಗಾಗೋದು."

ಅಜ್ಜಿ ದಡಕ್ಕನೆ ಎದ್ದಳು. "ಏನಂದೆ ತಾಯಿ? ನನ್ನ ರೊಪ್ಪದಾಗೆ ಅಣ್ಣ ತಂಗಿ... ಥೂ! ಬಾಯಿ ತೊಳ್ಕೋ ಮೊದ್ಲು!"

ಮೇಕೆಗಳ ಮರ್ಯಾದೆಗೆ ಅವಳು ಅಷ್ಟು ಸಿಟ್ಟಾದದ್ದು ಕಂಡು ಮಾವ ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡ. ನಾನೂ ತಲೆ ಬಗ್ಗಿಸಿದೆ. ಅಜ್ಜಿ ಮಾತ್ರ ರೊಪ್ಪದ ಕಡೆ ತಿರುಗಿ ಒಂದೊಂದೇ ಮೇಕೆಯ ಮುಖ ನೋಡುತ್ತ ನಿಂತಳು. ಹಣೆಯ ಮೇಲೆ ಚುಕ್ಕೆ, ಹಣೆಯ ಮೇಲೆ ಚುಕ್ಕೆ, ಹಣೆಯ ಮೇಲೆ ಚುಕ್ಕೆ. ನಿಧಾನವಾಗಿ ಕುಸಿದು ಕುಳಿತಳು.

"ಒಂದೇ ಬೆಡಗಿನಾಗೆ ಕೊಟ್ಟು ತಂದಂಗಾತು ಅನ್ನು," ಎಂದಳು. ದನಿ ಇಳಿದುಹೋಗಿತ್ತು.

ಬೆಡಗೆಂದರೆ ಚೆಂದ ಎಂದು ಪೇಟೆಯವರು ತಿಳಿಯುತ್ತಾರೆ. ನಮ್ಮಲ್ಲಿ ಬೆಡಗೆಂದರೆ ವಂಶದ ಬಳ್ಳಿ. ಅಪ್ಪನಿಂದ ಮಕ್ಕಳಿಗೆ ಬರುವುದು. ಒಂದೇ ಬೆಡಗಿನವರು ಎಷ್ಟು ದೂರದ ಊರಿನವರಾದರೂ ಅಣ್ಣತಂಗಿಯರೇ, ಅವರ ನಡುವೆ ಮದುವೆ ಎಂದರೆ ಮಹಾಪಾಪ. ಬೆಡಗು ಕೇಳದೆ ನಮ್ಮ ಹಟ್ಟಿಯಲ್ಲಿ ಒಂದು ವೀಳ್ಯವೂ ಕೈ ಬದಲಾಗುತ್ತಿರಲಿಲ್ಲ. ಅಂಥ ನೇಮದವರು ತಲೆತಲಾಂತರದಿಂದ ತಮ್ಮ ಮೇಕೆಗಳ ವಿಷಯದಲ್ಲಿ ಈ ಒಂದು ಮಾತನ್ನು ಕೇಳಿಕೊಂಡೇ ಇರಲಿಲ್ಲ.

"ಹಂಗಾದ್ರೆ ಮೇಕೆಗೂ ಬೆಡಗು ಮಾಡಬೇಕು," ಎಂದು ಅಜ್ಜಿ ತೀರ್ಮಾನ ಕೊಟ್ಟಳು.

ದಾರಗಳು ಬಂದದ್ದು ಹಾಗೆ. ದೊರೆಯ ಹಳೆಯ ವಂಶಕ್ಕೆಲ್ಲ ಬಿಳಿದಾರ. ಹೊರಗಿನಿಂದ ಬರುವ ಹೋತಕ್ಕೆ ಬೇರೆ ಬಣ್ಣ. ಮರಿಗೆ ಅಪ್ಪನ ಬಣ್ಣ, ನಮ್ಮಲ್ಲಿ ಇರುವಂತೆಯೇ. ಒಂದೇ ದಾರದ ಹೋತ ಮೇಕೆ ಸೇರಕೂಡದು. ಡಾಕ್ಟರಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ಮರುದಿನ ತಾವೇ ಪೇಟೆಯಿಂದ ಉಣ್ಣೆಯ ಉಂಡೆಗಳನ್ನು ತಂದುಕೊಟ್ಟರು. ಕಿವಿಗೆ ಬಿಲ್ಲೆ ಹೊಡೆಯುವುದಕ್ಕಿಂತ ಇದೇ ಸಲೀಸು, ಓದು ಬಾರದವರಿಗೂ ತಿಳಿಯುತ್ತದೆ ಎಂದರು.

ಹೋತಗಳನ್ನು ಅದಲುಬದಲು ಮಾಡುವ ಏರ್ಪಾಡನ್ನೂ ಅವರೇ ಮಾಡಿದರು. ದೊರೆ ಗುಡ್ಡದಾಚೆಯ ಹಟ್ಟಿಗೆ ಹೋಗುವುದು, ಅಲ್ಲಿಂದ ಒಂದು ಕರಿಹೋತ ಬರುವುದು. ಹೊಳೆಯ ಕಡೆಯವರಿಂದ ಒಂದು ಚುಕ್ಕೆಚುಕ್ಕೆಯ ಹೋತ. ದೊರೆಯನ್ನು ಕಳಿಸುವ ದಿನ ಅಜ್ಜಿ ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಅತ್ತಳು. ಬದಲಿಗೆ ಬಂದವನನ್ನು ನೋಡಿ ಇನ್ನಷ್ಟು ಅತ್ತಳು. ಕುಳ್ಳ, ಎಲೆಯಷ್ಟೇ ಕಿವಿ, ಮುಖದಲ್ಲಿ ಸದಾ ಜಗಳ.

"ಇದೇನು ತಾಯಿ, ಹೋತವೋ ಹೆಗ್ಗಣವೋ?"

"ರೂಪ ನೋಡಬೇಡಿ ಅಜ್ಜಿ," ಎಂದರು ಡಾಕ್ಟರಮ್ಮ. "ಆ ಗುಡ್ಡದಲ್ಲಿ ಮಳೆ ಜಾಸ್ತಿ, ಕಲ್ಲು ಜಾಸ್ತಿ. ತಡೆದುಕೊಂಡು ಉಳಿದವುಗಳ ಮಗ ಇವನು. ಗೊರಸು ನೋಡಿ, ಕಬ್ಬಿಣ. ಹೊಳೆ ಕಡೆಯವುಗಳಿಗೆ ಅವಳಿ ಮರಿ ಹಾಕೋ ಗುಣ. ನಿಮ್ಮವುಗಳಿಗೆ ಹಾಲು ಹೆಚ್ಚು, ಸ್ವಭಾವ ಸಾಧು. ಒಂದೊಂದು ಸೀಮೆಯ ಮೇಕೆ ಒಂದೊಂದನ್ನ ಉಳಿಸಿಕೊಂಡಿರುತ್ತೆ. ಎಲ್ಲ ಒಂದೇ ಥರ ಮಾಡಿಕೊಂಡರೆ ಒಂದು ರೋಗ ಬಂದರೆ ಸಾಕು, ಎಲ್ಲ ಒಟ್ಟಿಗೆ ಹೋಗುತ್ತವೆ."

"ಮೊಸರು ಲೋಳೆ ಬಂದ್ರೆ ಪಕ್ಕದ ಮನೆಯಿಂದ ಹೆಪ್ಪು ತರ್ತೀವಲ್ಲ, ಹಂಗೆ ಅನ್ನು."

"ಹಂಗೇ ಅಜ್ಜಿ."

ದೊರೆಯ ಕೊನೆಯ ಮಗನೊಬ್ಬನಿದ್ದ, ಇನ್ನೂ ಬೆಳೆಯುತ್ತಿದ್ದ ಮರಿ, ಚೆಲುವ ಎಂದು ಹೆಸರು. ಅವನನ್ನೂ ಕಳಿಸಲು ಅಜ್ಜಿ ಒಪ್ಪಲಿಲ್ಲ. ದೊರೆಯ ಬೆಡಗು ನಮ್ಮ ಹಟ್ಟಿಯಲ್ಲಿ ನಂದಬಾರದು ಎಂದು ಹಟ ಹಿಡಿದಳು. ಬೇರೆ ದಾರದ ಮೇಕೆಗಾದರೆ ಅಡ್ಡಿಯಿಲ್ಲ, ಇರಲಿ ಬಿಡಿ ಎಂದರು ಡಾಕ್ಟರಮ್ಮ. ಆ ಮಾತು ಅವರಿಬ್ಬರಿಗೂ ಆಗ ಸರಿಯಾಗಿಯೇ ಕಂಡಿತ್ತು.

ಮೊದಲ ಸೂಲಿಗೇ ಹಟ್ಟಿಯ ಬಣ್ಣ ಬದಲಾಯಿತು. ಕೊರಳಲ್ಲಿ ಕರಿದಾರ, ಕೆಂಪುದಾರ ಕಟ್ಟಿಕೊಂಡ ಮರಿಗಳು ಹುಟ್ಟಿದ ದಿನವೇ ಎದ್ದು ನಿಂತವು. ವಾರ ಕಳೆಯುವುದರೊಳಗೆ ಜಗಲಿ ಹತ್ತಿದವು, ಒರಳಿನ ಮೇಲೆ ಹತ್ತಿದವು, ದ್ಯಾಮಕ್ಕನ ಮನೆಯ ಚಾವಣಿ ಹತ್ತಿ ಹೆಂಚು ಬೀಳಿಸಿದವು. ಮಳೆಗಾಲ ಬಂತು, ಕೆಮ್ಮು ಬರಲಿಲ್ಲ. ಮಾರಲು ಹೊಡೆದುಕೊಂಡು ಹೋದ ಮರಿಗಳನ್ನು ಸಂತೆಯಲ್ಲಿ ಜನ ತಡೆದು ತಡೆದು ಎಲ್ಲಿಯವು ಎಂದು ಕೇಳಿದರು. ಅದುವರೆಗೆ ಯಾರೂ ನಮ್ಮ ಮೇಕೆಗಳನ್ನು ಹಾಗೆ ಕೇಳಿರಲಿಲ್ಲ. ಹಟ್ಟಿಯ ಹೆಂಗಸರ ನಡಿಗೆಯೇ ಬೇರೆಯಾಯಿತು, ಅದನ್ನು ಕಂಡು ನನಗೂ ಖುಷಿಯಾಗುತ್ತಿತ್ತು. ಆದರೆ ಒಂದೊಂದು ಮರಿ ಚಂಗನೆ ನೆಗೆದಾಗಲೂ ನನ್ನ ಮದುವೆಯ ಚಪ್ಪರ ಒಂದೊಂದು ಗೇಣು ಹತ್ತಿರ ಬರುತ್ತಿತ್ತು.

ಆ ದಿನಗಳಲ್ಲಿ ಮಾವ ಗುಡ್ಡದಾಚೆಗೆ ಹೋಗಿಬರುವುದು ಹೆಚ್ಚಾಯಿತು. ಒಂದು ಮಧ್ಯಾಹ್ನ ಮೇಕೆ ಬಿಟ್ಟುಕೊಂಡು ಬಂಡೆಯ ನೆರಳಲ್ಲಿ ಕುಳಿತಿದ್ದಾಗ ನಾನು ಕೇಳಿಯೇಬಿಟ್ಟೆ.

"ಮಾವ, ಮೊನ್ನೆ ಮತ್ತೆ ಯಾಕೆ ಹೋಗಿದ್ದೆ ಅಲ್ಲಿಗೆ?"

"ದೊರೆ ಹೆಂಗವ್ನೆ ಅಂತ ನೋಡ್ಕಂಡು ಬರಾಕೆ."

"ದೊರೆಗೆ ಮಲ್ಲಿಗೆ ಹೂವ ತಗೊಂಡು ಹೋಗಿದ್ಯಂತೆ?"

ಮಾವನ ಕಿವಿ ಕೆಂಪಗಾಯಿತು. ಕೈಗೆ ಸಿಕ್ಕ ಕಡ್ಡಿ ಮುರಿಯುತ್ತ, "ಅವ್ವಂಗೆ ಹೇಳಬ್ಯಾಡ ಕಣೇ," ಎಂದ. ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡದೆ ಕೇಳಿದ: "ನಿಂಗೆ... ನನ್ನ ಆಗಾಕೆ ಇಷ್ಟ ಐತೇನೆ?"

"ನಿಂಗೆ?"

"ನಿನ್ನ ಸಿಂಬಳ ಒರೆಸಿದೋನು ಕಣೇ ನಾನು!" ಎಂದ, ಅಳುವವನ ಹಾಗೆ.

ಇಬ್ಬರೂ ನಕ್ಕೆವು. ನಕ್ಕು ನಕ್ಕು ಸುಸ್ತಾದ ಮೇಲೆ ಇಬ್ಬರ ಮುಖವೂ ಸಪ್ಪಗಾಯಿತು. ಸತ್ತ ಅಕ್ಕಂಗೆ ಅವ್ವ ಮಾತು ಕೊಟ್ಟವಳೆ, ಅದನ್ನ ಮುರಿ ಅಂತ ಹೆಂಗೆ ಕೇಳೋದು ಎಂದ ಮಾವ. ನಾನು ಎದ್ದು ಮೇಕೆಗಳನ್ನು ಹಟ್ಟಿಯ ಕಡೆಗೆ ತಿರುಗಿಸಿದೆ.

ನಮ್ಮ ರೊಪ್ಪದಲ್ಲಿ ಗೌರಿ ಎಂಬ ಮೇಕೆಯಿತ್ತು, ಚೆಲುವನ ಜೊತೆಹುಟ್ಟು. ಆ ಗೌರಿಗೂ ಕರಿಹೋತಕ್ಕೂ ಹುಟ್ಟಿದವಳು ಸಂಪಿಗೆ. ಕೊರಳಲ್ಲಿ ಕರಿದಾರ, ಮೈ ಎಣ್ಣೆ ಹಚ್ಚಿದಂತೆ ಮಿರಿಮಿರಿ. ಹಟ್ಟಿಯಲ್ಲೇ ಅಂಥ ಮೇಕೆ ಇನ್ನೊಂದಿರಲಿಲ್ಲ. ಅವಳು ಬೆಳೆದು ನಿಂತಾಗ ಅವಳಿಗೆ ಯಾವ ಹೋತ ಎಂಬುದು ದೊಡ್ಡ ಚರ್ಚೆಯಾಯಿತು. ಹೊಳೆಯ ಕಡೆಯ ಕೆಂಪುದಾರದವನಿರಲಿ ಎಂದಳು ದ್ಯಾಮಕ್ಕ. ಅಜ್ಜಿ ಚೆಲುವನ ಕಡೆ ಬೆರಳು ಮಾಡಿದಳು.

"ಇವಳದು ಕರಿದಾರ, ಅವಂದು ಬಿಳಿದಾರ. ಬೆಡಗು ಬ್ಯಾರೆ. ಮ್ಯಾಲೆ ಸ್ವಾದರಮಾವ! ಇದಕ್ಕಿಂತ ಒಳ್ಳೆ ಸಂಬಂಧ ಎಲ್ಲೈತೆ ಹೇಳು?"

ದ್ಯಾಮಕ್ಕನೂ ತಲೆಯಾಡಿಸಿದಳು. ನಮ್ಮ ಲೆಕ್ಕದಲ್ಲಿ ಅದು ಮೊದಲ ಹಕ್ಕಿನ ಸಂಬಂಧ. ಅಜ್ಜಿ ಇಬ್ಬರ ಹಣೆಗೂ ಕುಂಕುಮ ಇಟ್ಟಳು, ಬೆಲ್ಲ ತಿನ್ನಿಸಿದಳು. ನನ್ನ ಕಡೆ ತಿರುಗಿ, "ನೋಡು, ನಿನಗಿಂತ ಮುಂಚೆ ಅವಳದ್ದಾಯ್ತು. ಸಂಪಿಗೆ ಈದ ತಿಂಗಳೇ ನಿಮ್ಮಿಬ್ಬರದೂ ಮುಗಿಸಿಬಿಡ್ತೀನಿ," ಎಂದು ಸಂಚಿಯನ್ನು ತಟ್ಟಿಕೊಂಡಳು. ಮಾವ ಎದ್ದು ಹೊರಗೆ ಹೋದ. ನಾನು ಮೊಳೆಯ ಮೇಲಿನ ದಾರಗಳನ್ನು ಬಿಡಿಸುತ್ತ ನಿಂತೆ, ಅವತ್ತು ಅವು ಗಂಟಾಗಿರಲೇ ಇಲ್ಲ.

ಸಂಪಿಗೆ ಒಂದು ಬೆಳಗ್ಗೆ ನೋವು ತಿನ್ನತೊಡಗಿದಳು. ಬಿಸಿಲೇರುವ ಹೊತ್ತಿಗೆ ಮೊದಲ ಮರಿ ಬಂತು. ಅದು ಉಸಿರಾಡಲಿಲ್ಲ. ಅಜ್ಜಿ ಮೂಗಿಗೆ ಊದಿದಳು, ಕಾಲು ಹಿಡಿದು ಜಾಡಿಸಿದಳು, ಹುಲ್ಲಿನಲ್ಲಿ ತಿಕ್ಕಿದಳು. ಏನೂ ಆಗಲಿಲ್ಲ. ಎರಡನೆಯದು ಜೀವಂತ ಬಂತು. ಹಣೆಯ ಮೇಲೆ ಚುಕ್ಕೆ, ಕೆಳದವಡೆ ಗಿಡ್ಡ, ಮುಂಗಾಲು ಮಡಚಿದ್ದು. ಬಟ್ಟೆಯನ್ನು ಗಿಣ್ಣುಹಾಲಿನಲ್ಲಿ ಅದ್ದಿ ನಾನು ಅದರ ಬಾಯಿಗೆ ಹಿಂಡಿದೆ. ನುಂಗಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಸಂಜೆಯ ಹೊತ್ತಿಗೆ ಅದೂ ನನ್ನ ಮಡಿಲಲ್ಲಿ ಸುಮ್ಮನಾಯಿತು. ಹಳೆಯ ದಿನಗಳೇ ತಿರುಗಿ ಬಂದಂತಾಯಿತು. ಸಂಪಿಗೆ ಮರಿಯನ್ನು ಮೂತಿಯಿಂದ ತಳ್ಳಿ ತಳ್ಳಿ ಎಬ್ಬಿಸಲು ನೋಡುತ್ತಿದ್ದಳು. ನನಗೆ ನೋಡಲಾಗಲಿಲ್ಲ.

ಮರುದಿನ ಡಾಕ್ಟರಮ್ಮ ಬಂದರು. ಮರಿಯ ದವಡೆ ಮುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದರ ಅಪ್ಪ?"

"ಚೆಲುವ," ಎಂದಳು ಅಜ್ಜಿ. "ಬಿಳಿದಾರ. ಸಂಪಿಗೇದು ಕರಿದಾರ. ನೇಮ ಎಲ್ಲೂ ತಪ್ಪಿಲ್ಲ ತಾಯಿ, ಆ ದ್ಯಾವ್ರಾಣೆಗೂ ತಪ್ಪಿಲ್ಲ."

"ಸಂಪಿಗೆಯ ತಾಯಿ ಯಾರು?"

"ಗೌರಿ. ಚೆಲುವನ ಜೊತೆಹುಟ್ಟು. ಸ್ವಾದರಮಾವ ಆಗಬೇಕು ಅಂತಲೇ ಹುಡುಕಿ ಮಾಡಿದ್ದು."

 ಡಾಕ್ಟರಮ್ಮ ನೆಲದ ಮೇಲೆಯೇ ಕುಳಿತುಬಿಟ್ಟರು.

"ಅಯ್ಯೋ ಅಜ್ಜಿ. ಇದು ನನ್ನ ತಪ್ಪು. ಬೆಡಗು ಅಂದಾಗ ನಾನು ಅಪ್ಪನ ಕಡೆ ಮಾತ್ರ ನೋಡಿ ಸುಮ್ಮನಾದೆ. ತಾಯಿಯ ಅಣ್ಣತಮ್ಮನೂ ಅಷ್ಟೇ ಹತ್ತಿರದ ರಕ್ತ. ದಾರ ಬೇರೆಯಾದರೆ ರಕ್ತ ಬೇರೆಯಾಗಲ್ಲ. ಮೇಕೆಗೆ ಸೋದರಮಾವ ಆಗಲ್ಲ ಅಜ್ಜಿ."

ಅಜ್ಜಿ ಸತ್ತ ಮರಿಯ ಮೇಲೆ ಗೋಣಿ ಎಳೆದಳು. ಆಮೇಲೆ ಕೇಳಿದಳು, "ಮನುಷ್ಯರಿಗೆ?"

ಮಾವ ಬಾಗಿಲಲ್ಲಿ ನಿಂತಿದ್ದ. ನಾನು ಅವನ ಕಡೆ ನೋಡಲಿಲ್ಲ, ಅವನು ನನ್ನ ಕಡೆ ನೋಡಲಿಲ್ಲ. ಡಾಕ್ಟರಮ್ಮ ಉತ್ತರ ಕೊಡುವ ಮುಂಚೆ ಕೈ ಒರೆಸಿಕೊಂಡರು.

"ಎಲ್ಲರಿಗೂ ಹಿಂಗೇ ಆಗುತ್ತೆ ಅಂತಿಲ್ಲ. ನಮ್ಮಮ್ಮ ಮದುವೆಯಾದದ್ದೂ ಸೋದರಮಾವನನ್ನೇ. ನಾನು ಗಟ್ಟಿಮುಟ್ಟಾಗಿದ್ದೀನಿ. ನಮ್ಮಣ್ಣನಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ. ಅದು ಇದರಿಂದಲೇ ಬಂತು ಅಂತ ಯಾರೂ ಆಣೆ ಇಟ್ಟು ಹೇಳೋಕಾಗಲ್ಲ. ಆದರೆ ಅಪಾಯ ಹೆಚ್ಚು ಅನ್ನೋದು ನಿಜ. ನಿಮ್ಮ ಹತ್ತಿರ ಸುಳ್ಳು ಹೇಳಲಾರೆ."

ಅಜ್ಜಿ ಎದ್ದಳು. ಸತ್ತ ಮರಿಯನ್ನು ದಾಟಿ, ರೊಪ್ಪದ ಹಿಂದಕ್ಕೆ ತಂಗಡಿ ಗಿಡದ ಹತ್ತಿರ ಹೋದಳು. ನಾವೆಲ್ಲ ಹಿಂದೆಯೇ ಹೋದೆವು. ಅವಳು ಗುಂಡುಕಲ್ಲುಗಳ ಮುಂದೆ ಕುಳಿತು, ಬೆನ್ನು ನಮ್ಮ ಕಡೆ ಮಾಡಿಕೊಂಡೇ ಮಾತಾಡಿದಳು.

"ನನ್ನ ಗಂಡ ನನ್ನ ಅವ್ವನ ತಮ್ಮ. ಅತ್ತೆಯೂ ಅಜ್ಜಿಯೂ ಒಬ್ಬಳೇ ನಂಗೆ. ಇವೆಲ್ಲ ನಾನು ಹೆತ್ತವು ತಾಯಿ. ಒಂದಕ್ಕೆ ಬಾಯೊಳಗಿನ ಅಂಗುಳ ಸೀಳಿತ್ತು, ಮೊಲೆ ಹಿಡೀಲಿಲ್ಲ. ಒಂದು ಕಣ್ಣೇ ಬಿಡಲಿಲ್ಲ. ಉಳಿದೋರು ಇವಳವ್ವ ಒಬ್ಳು, ಈ ಪಾತ ಒಬ್ಬ. ನನ್ನ ಹೊಟ್ಟೆಯಾಗೆ ದ್ವಾಷ ಐತೆ ಅಂತ ನಮ್ಮತ್ತೆ ಸಾಯೋಗಂಟ ಅಂದ್ಳು. ನಾನೂ ಅದನ್ನೇ ನಂಬಿದ್ದೆ." ತಿರುಗಿ ಡಾಕ್ಟರಮ್ಮನನ್ನು ನೋಡಿದಳು. "ಹಂಗಾದ್ರೆ... ನಂದು ದ್ವಾಷ ಅಲ್ಲ ಅಂತೀಯಾ?"

"ಅಲ್ಲ ಅಜ್ಜಿ. ಖಂಡಿತ ಅಲ್ಲ. ನಿಮ್ಮೊಬ್ಬರ ಹೊಟ್ಟೆಯ ದೋಷ ಅಂತ ಯಾರು ಅಂದಿದ್ದರೂ ಅದು ಸುಳ್ಳು."

ಅಜ್ಜಿ ಅತ್ತಳು. ದೊರೆಯನ್ನು ಕಳಿಸುವಾಗ ಅತ್ತಂತೆ ಅಲ್ಲ. ದನಿಯೇ ಇಲ್ಲದೆ, ಒಂದೊಂದು ಕಲ್ಲನ್ನೂ ಅಂಗೈಯಿಂದ ಒರೆಸುತ್ತ ಅತ್ತಳು. ಡಾಕ್ಟರಮ್ಮ ಅವಳ ಪಕ್ಕ ಕುಳಿತು ಹೆಗಲ ಮೇಲೆ ಕೈ ಇಟ್ಟರು. ಹಾಲು ಕುಡಿಯೋ ದೇವರು ಯಾರೆಂದು ನನಗೆ ತಿಳಿದದ್ದು ಅಂದು. ಆ ಕಲ್ಲುಗಳನ್ನು ನಾನು ಎಂದೂ ಎಣಿಸಿರಲಿಲ್ಲ. ಅಂದೂ ಎಣಿಸಲಿಲ್ಲ.

ಅದಾದ ಮೇಲೆ ಕೆಲವು ದಿನ ಕಳೆದವು. ಆಮೇಲೆ ಒಂದು ಬೆಳಗ್ಗೆ ಮೊಳೆಯ ಮೇಲಿನ ದಾರಗಳನ್ನೆಲ್ಲ ಕೆಳಗಿಳಿಸಿಕೊಂಡು ಕುಳಿತು, ಹಟ್ಟಿಯವರನ್ನು ಕರೆಸಿದಳು. ಇನ್ನು ಮುಂದೆ ಒಂದೊಂದು ಮೇಕೆಗೂ ಎರಡು ದಾರ. ಅಪ್ಪನದೊಂದು, ಅವ್ವನದೊಂದು. ಎರಡರಲ್ಲಿ ಒಂದು ಕೂಡಿದರೂ ಸಂಬಂಧ ಇಲ್ಲ.

"ಒಂದು ಜೀವಕ್ಕೆ ಎರಡು ಬೆಡಗು ಎಲ್ಲಾದ್ರೂ ಉಂಟಾ ಚಿತ್ತಕ್ಕ?" ಎಂದು ಹಟ್ಟಿಯ ಹಿರಿಯ ಕ್ಯಾತಪ್ಪ ಮೀಸೆಯಡಿಯಲ್ಲೇ ನಕ್ಕ.

"ಹೊತ್ತೋಳು ಅವ್ವ, ಹೆತ್ತೋಳು ಅವ್ವ, ಮೊಲೆ ಕೊಟ್ಟೋಳು ಅವ್ವ. ಅವಳಿಗೆ ಒಂದು ದಾರಾನೂ ಇಲ್ವಾ ಕ್ಯಾತಣ್ಣ?" ಎಂದಳು ಅಜ್ಜಿ.

ಹಟ್ಟಿಯ ಹೆಂಗಸರು ಆ ಮಾತಿಗೆ ಕಾದಿದ್ದವರಂತೆ ಒಬ್ಬೊಬ್ಬರೇ ಬಂದು ದಾರ ಇಸಿದುಕೊಂಡರು. ಕ್ಯಾತಪ್ಪನ ಹೆಂಡತಿಯೇ ಎಲ್ಲರಿಗಿಂತ ಮುಂದಿದ್ದಳು.

ಚೆಲುವನನ್ನು ಬಹುದೂರದ ಒಂದು ಹಟ್ಟಿಗೆ ಕಳಿಸಿದೆವು. ಅಲ್ಲಿ ಅವನಿಗೆ ಯಾರೂ ತಂಗಿಯರಿಲ್ಲ, ತಂಗಿಯ ಮಕ್ಕಳಿಲ್ಲ. ನಮ್ಮಲ್ಲಿ ಕೇಡಾದವನು ಅಲ್ಲಿ ಹೊಸ ರಕ್ತ. ಅವನ ಮರಿಗಳು ಚೆನ್ನಾಗಿವೆ, ತಾಯಂದಿರಿಗಿಂತ ಹಾಲು ಹೆಚ್ಚು ಎಂದು ಸುದ್ದಿ ಬಂದಾಗ ಅಜ್ಜಿ ಇಡೀ ಹಟ್ಟಿಗೆ ಬೆಲ್ಲ ಹಂಚಿದಳು. ಬದಲಿಗೆ ಬಂದವನು ಕಂದುಬಣ್ಣದ, ಉದ್ದ ಕಾಲಿನ ಹೋತ. ಸಂಪಿಗೆಯನ್ನು ಈ ಸಲ ಅವನ ಬಳಿ ಬಿಟ್ಟರು.

ನಮ್ಮ ಮದುವೆಯ ಮಾತನ್ನು ಮಾತ್ರ ಅಜ್ಜಿ ಎತ್ತಲಿಲ್ಲ. ಬೇಡ ಎನ್ನಲಿಲ್ಲ, ಬೇಕು ಎನ್ನಲಿಲ್ಲ. ಸಂಚಿ ಮೊದಲಿನಂತೆಯೇ ಸೊಂಟದಲ್ಲಿತ್ತು. ಮಾವನಿಗೂ ನನಗೂ ಕೇಳುವ ಧೈರ್ಯ ಬರಲಿಲ್ಲ. ಸಂಪಿಗೆಯ ಹೊಟ್ಟೆ ದಿನದಿನಕ್ಕೆ ಇಳಿಬೀಳುವುದನ್ನು ನೋಡುತ್ತ ಇಬ್ಬರೂ ಕಳ್ಳರಂತೆ ಓಡಾಡಿಕೊಂಡಿದ್ದೆವು. ಸಂಪಿಗೆ ಈದ ತಿಂಗಳೇ ಎಂದು ಅಜ್ಜಿ ಹೇಳಿದ್ದ ಮಾತು ಯಾರಿಗೂ ಮರೆತಿರಲಿಲ್ಲ.

ಸಂಪಿಗೆ ಈದಳು. ಮರಿ ಒಂದೇ, ಹೆಣ್ಣು. ತಾಯಿಯ ಮಿರುಗು, ಅಪ್ಪನ ಉದ್ದ ಕಾಲು. ಮೈ ಒಣಗುವ ಮುಂಚೆಯೇ ಎದ್ದು, ತಡವರಿಸಿ, ಬಿದ್ದು, ಮತ್ತೆ ಎದ್ದು ಮೊಲೆ ಹುಡುಕಿ ಕಚ್ಚಿಕೊಂಡಿತು. ಅದರ ಪುಟ್ಟ ಬಾಲ ಗಡಗಡ ಅಲ್ಲಾಡುವುದನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮ ಅದರ ದವಡೆ ಮುಟ್ಟಿ, ಕಾಲು ಮುಟ್ಟಿ, "ಬಂಗಾರದಂಥ ಮರಿ ಅಜ್ಜಿ," ಎಂದರು.

ದಾರ ಕಟ್ಟಬೇಕು. ತಾಯಿಯ ಕಡೆಯ ಕರಿದಾರ ತಂದುಕೊಟ್ಟೆ, ಅಜ್ಜಿ ಕಟ್ಟಿದಳು. ಅಪ್ಪನ ಕಡೆಗೆ? ಕಂದುಹೋತ ನಮ್ಮಲ್ಲಿ ಹೊಸ ಬೆಡಗು. ಅವನಿಗೆ ಬಣ್ಣ ಇನ್ನೂ ಗೊತ್ತುಮಾಡಿರಲಿಲ್ಲ. ಮೊಳೆಯ ಮೇಲೆ ಇದ್ದದ್ದೆಲ್ಲ ಹಳೆಯ ಬಣ್ಣಗಳೇ.

"ಪೇಟೆಯಿಂದ ನೀಲಿ ತರ್ತೀನಿ," ಎಂದ ಮಾವ.

"ನೀನು ತರೋಗಂಟ ಮರಿ ಬೆಡಗಿಲ್ದೆ ಇರಬೇಕಾ?" ಎಂದು ಅಜ್ಜಿ ಸೊಂಟದ ಸಂಚಿ ಬಿಚ್ಚಿದಳು. ಎಲೆ ತೆಗೆದು ಪಕ್ಕಕ್ಕಿಟ್ಟಳು, ಅಡಿಕೆ ತೆಗೆದಿಟ್ಟಳು, ಒಳಜೇಬಿಗೆ ಎರಡು ಬೆರಳು ಹಾಕಿ ಮೆಲ್ಲಗೆ ಎಳೆದಳು. ಅರಿಶಿನದ ದಾರ ಹೊರಗೆ ಬಂತು. ಅಷ್ಟು ವರ್ಷ ಒಳಗಿದ್ದರೂ ಬಣ್ಣ ಮಾಸಿರಲಿಲ್ಲ. ಅದನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಮರಿಯನ್ನು ಮಡಿಲಿಗೆ ಎಳೆದುಕೊಂಡು, ಕೊರಳಿಗೆ ಸುತ್ತಿ ಗಂಟು ಹಾಕಿದಳು.

ಮಾವ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ.

"ಅವ್ವ," ಎಂದ ಮಾವ, "ಅಕ್ಕಂಗೆ ಮಾತು ಕೊಟ್ಟಿದ್ಯಲ್ಲ?"

"ಅವಳಿಗೆ ನಾನು ಹೇಳ್ಕೊತೀನಿ. ನನ್ನ ಮಗಳು ಅವಳು, ಅರ್ಥ ಮಾಡ್ಕೊತಾಳೆ." ಅಜ್ಜಿ ನನ್ನ ಗಲ್ಲ ಹಿಡಿದು ಒಂದು ಕ್ಷಣ ನೋಡಿದಳು. ಅವಳ ಬೆರಳಲ್ಲಿ ಅರಿಶಿನ ಹತ್ತಿತ್ತು, ಅದು ನನ್ನ ಗಲ್ಲಕ್ಕೂ ಹತ್ತಿತು. "ನಿಂಗೆ ಬ್ಯಾರೆ ದಾರ ಹೊಸದು ತರೋಣ ಮಗಾ, ನಿಂಗೆ ಯಾವಾಗ ಬೇಕೋ ಆವಾಗ." ಆಮೇಲೆ ಮಾವನ ಕಡೆ ತಿರುಗಿ ದನಿ ಏರಿಸಿದಳು. "ಏಯ್ ಪಾತ, ನಿಂತ್ಕಂಡು ಏನ್ ನೋಡ್ತೀಯ? ಗುಡ್ಡದಾಚೆ ಆ ಮಲ್ಲಿಗೆ ಹೂವಿನೋಳ ಬೆಡಗು ಯಾವುದು ಅಂತ ಕೇಳ್ಕಂಡು ಬಾ ಹೋಗು. ಅವ್ವನ ಕಡೇದೂ ಕೇಳು, ಮರೀಬ್ಯಾಡ!"

ಮಾವ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡಿದ. ಡಾಕ್ಟರಮ್ಮ ನಕ್ಕರು, ನಾನು ನಗುತ್ತಲೋ ಅಳುತ್ತಲೋ ಗೋಡೆಗೆ ಒರಗಿದೆ. 

ಅಜ್ಜಿ ಗಿಣ್ಣುಹಾಲಿನ ಬಟ್ಟಲು ಹಿಡಿದು ತಂಗಡಿ ಗಿಡದ ಕಡೆಗೆ ನಡೆದಳು. ಸಂಪಿಗೆ ಹಾಲಿನ ವಾಸನೆಗೆ ಅವಳ ಹಿಂದೆ ಹೋದಳು, ಮರಿ ತಡವರಿಸುತ್ತ ಸಂಪಿಗೆಯ ಹಿಂದೆ ಹೋಯಿತು. ಅಜ್ಜಿ ಬೆರಳದ್ದಿ ಒಂದೊಂದೇ ಕಲ್ಲಿಗೆ ಮುಟ್ಟಿಸುತ್ತಿದ್ದ ಹಾಗೆ, ಆ ಮರಿ ಮೊದಲ ಕಲ್ಲನ್ನು ಮೂಸಿತು, ನೆಕ್ಕಿತು, ಆಮೇಲೆ ನಾಲ್ಕೂ ಕಾಲು ಕೂಡಿಸಿ ಅದರ ಮೇಲೆ ಹತ್ತಿ ನಿಂತಿತು. ಕೊರಳಲ್ಲಿ ಕಪ್ಪು, ಹಳದಿ. ಇಳಿಸಲು ನಾನು ಮುಂದಕ್ಕೆ ಹೋದೆ. ಅಜ್ಜಿ ಕೈ ಅಡ್ಡ ಹಿಡಿದಳು.

"ಇರ್ಲಿ ಬಿಡು," ಎಂದಳು. "ಆಡ್ಕೊಳ್ಳಲಿ."